ವಾತಾಪಿಯ ವಿದ್ಯೆ ಮತ್ತು ಕರ್ತೃವಿನ ವಿಚಾರ

ವಾತಾಪಿಯ ಕಥೆಯನ್ನು ಕೇಳದೆ ಬೆಳೆದ ಹುಡುಗನು ನಮ್ಮ ಸೀಮೆಯಲ್ಲಿ ಸಿಕ್ಕುವದು ದುರ್ಲಭ. ಅಮೀನಗಡದಿಂದ ಬಾದಾಮಿಯು ಒಂದು ದಿನದಲ್ಲಿ ಹೋಗಿ ಬರತಕ್ಕ ಹಾದಿ. ಅಲ್ಲಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ ಕುಳಿತು ಹಿರಿಯರು ಕಿರಿಯರಿಗೆ ಈ ಕಥೆಯನ್ನು ಹೇಳುತ್ತ ಬಂದಿದ್ದಾರೆ. ಇಲ್ವಲನೆಂಬ ದೈತ್ಯನು ತನ್ನ ತಮ್ಮನಾದ ವಾತಾಪಿಯನ್ನು ಟಗರನ್ನಾಗಿ ಮಾಡಿ, ಕೊಯ್ದು, ಪಾಕಮಾಡಿ, ಅತಿಥಿಗಳಾಗಿ ಬಂದ ಬ್ರಾಹ್ಮಣರಿಗೆ ಉಣಬಡಿಸುವನು. ಊಟ ಮುಗಿದ ಮೇಲೆ ತಮ್ಮನ ಹೆಸರು ಹಿಡಿದು ಹೊರಗೆ ಬಾರೆಂದು ಕೂಗುವನು. ತುಂಡುತುಂಡಾಗಿ ಹೊಟ್ಟೆಯನ್ನು ಸೇರಿದ್ದ ವಾತಾಪಿಯು ಅಲ್ಲಿಯೇ ತನ್ನ ಅಂಗಾಂಗಗಳನ್ನು ಕೂಡಿಸಿಕೊಂಡು, ಉಂಡವನ ಪಕ್ಕೆಯನ್ನು ಸೀಳಿ ಹೊರಬೀಳುವನು. ಕೊನೆಗೆ ಅಗಸ್ತ್ಯರು ಬಂದು ಉಂಡು, ಅಣ್ಣನು ಕೂಗುವಷ್ಟರಲ್ಲಿಯೇ ತಮ್ಮನನ್ನು ಜೀರ್ಣಿಸಿಬಿಟ್ಟರು. ಟಗರೆಂಬ ಮಾತು ಬಂದೊಡನೆ ನಮ್ಮೂರ ಕುರಿಸಂತೆಯನ್ನು ನೆನೆದು ನನ್ನ ವರ್ಗದ ಹುಡುಗರು ನಗುತ್ತಿದ್ದರು. ನನಗೆ ಮಾತ್ರ ಇನ್ನೊಂದು ಸಂಗತಿ ಮನಸ್ಸಿಗೆ ನಾಟುತ್ತಿತ್ತು. ಇಲ್ವಲನು ಬ್ರಾಹ್ಮಣವೇಷವನ್ನು ತಾಳಿ, ಸಂಸ್ಕೃತದಲ್ಲಿ ಮಾತಾಡಿ ಅತಿಥಿಗಳನ್ನು ಕರೆಯುತ್ತಿದ್ದನೆಂದು ರಾಮಾಯಣದಲ್ಲಿ ಹೇಳಿದೆ. ಪಾಠಶಾಲೆಯ ಚಾಪೆಯ ಮೇಲೆ ಬಾಲ್ಯವನ್ನು ಕಳೆದ ನನ್ನಂಥವನು ಇದನ್ನು ಮರೆಯಬಾರದು.

ಇಷ್ಟು ವರ್ಷ ಹೇಳಿದ ಕಥೆಯಲ್ಲಿ ಒಂದು ಧರ್ಮಪ್ರಶ್ನೆಯು ಅಡಗಿದೆಯೆಂದು ನನಗೆ ಹೊಳೆದದ್ದು ತೀರ ಇತ್ತೀಚೆಗೆ, ನನ್ನ ತಂಗಿಯ ಬೇನೆಯ ನಿಮಿತ್ತದಿಂದ. ಅವಳಿಗೆ ಎದೆಯಲ್ಲಿ ಅರ್ಬುದರೋಗವಾಗಿತ್ತು. ಇಪ್ಪತ್ತೊಂದು ದಿನಗಳಿಗೊಮ್ಮೆ ದೂರದ ನಗರದ ಒಂದು ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಬೆಳಗಿನ ಬಸ್ಸಿಗೆ ಹೊರಟರೆ ಮರುದಿನ ರಾತ್ರಿ ಮನೆ. ಎರಡನೆಯ ಸಲದ ಔಷಧವಾದ ಮೇಲೆ ಅವಳ ತಲೆಗೂದಲೆಲ್ಲ ಉದುರಿತು. ಬಾಯೊಳಗೆ ಹುಣ್ಣಾಗಿ ನುಚ್ಚು ಮಜ್ಜಿಗೆಯೂ ಇಳಿಯದಾಯಿತು. ಒಂದು ದಿನ ಅವಳು ನನ್ನನ್ನು ಕೇಳಿದಳು: "ಅಣ್ಣಾ, ಈ ಔಷಧಕ್ಕ ಬ್ಯಾನಿ ಎಲ್ಲೈತಿ ಅನ್ನೂದು ಗೊತ್ತಾಗೂದಿಲ್ಲೇನು? ನನ್ನ ಕೂದಲಾ ಏನ್ ತಪ್ಪು ಮಾಡಿದ್ದುವು?"

ಅಕ್ಷರ ಕಲಿಸಿಯೇ ಹೊಟ್ಟೆ ಹೊರೆದ ನಾನು ಸುಮ್ಮನಾದೆನು. ರಕ್ತದಲ್ಲಿ ಬೆರೆತ ಔಷಧವು ಬೇಗ ಬೇಗ ಬೆಳೆಯುವ ಜೀವಕೋಶಗಳನ್ನೆಲ್ಲ ಹೊಡೆಯುತ್ತದೆ. ರೋಗದ ಕೋಶವೂ ಬೇಗ ಬೆಳೆಯುವದು, ಕೂದಲಿನ ಬುಡದ ಕೋಶವೂ ಬಾಯೊಳಗಿನ ಪದರಿನ ಕೋಶವೂ ಬೇಗ ಬೆಳೆಯುವವು. ಓಣಿಯಲ್ಲಿ ಒಬ್ಬ ಕಳ್ಳನಿದ್ದಾನೆಂದು ಓಣಿಯವರನ್ನೆಲ್ಲ ಹೊಡೆದಂತೆ ಇದು. ಆದುದರಿಂದಲೇ ಔಷಧವನ್ನು ಒಂದು ವಾಹನದಲ್ಲಿರಿಸಿ, ನೇರವಾಗಿ ರೋಗದ ಮನೆಯ ಬಾಗಿಲಿಗೆ ಕಳುಹಿಸುವ ಉಪಾಯವನ್ನು ಜಗತ್ತಿನ ಪಂಡಿತರು ಹುಡುಕುತ್ತಿದ್ದಾರೆಂದು, ನನ್ನ ಹತ್ತಿರ ಓದಿ ಈಗ ಬೆಂಗಳೂರಿನಲ್ಲಿರುವ ಒಬ್ಬ ಶಿಷ್ಯನು ತಿಳಿಸಿದನು. ಅವನು ತಂದುಕೊಟ್ಟ ಬರವಣಿಗೆಗಳನ್ನು ಅವನ ಸಹಾಯದಿಂದಲೇ ಓದಿಕೊಂಡೆನು. ವಾಚಕರಿಗೆ ಅದರ ತಿರುಳನ್ನಷ್ಟು ಹೇಳುವೆನು.

ಆ ವಾಹನವು ಪ್ರೋಟೀನಿನದು. ಅದನ್ನು ಯಾರೂ ಕೈಯಿಂದ ಜೋಡಿಸುವದಿಲ್ಲ. ಕೈಯಿಂದ ಜೋಡಿಸುವದೆಂದರೇನೆಂದು ನಮ್ಮೂರವರಿಗೆ ಹೇಳಿಕೊಡಬೇಕಾಗಿಲ್ಲ. ಕರದಂಟನ್ನೇ ನೋಡಿರಿ: ತುಪ್ಪದಲ್ಲಿ ಕರಿದ ಅಂಟು, ಕೊಬ್ಬರಿ, ಉತ್ತತ್ತಿ, ಗೋಡಂಬಿಗಳು ಒಂದನ್ನೊಂದು ಅರಿಯವು, ಬೆಲ್ಲದ ಪಾಕವು ಬಿಸಿಯಿರುವಾಗಲೇ ಬಲ್ಲವನ ಕೈ ಅವುಗಳನ್ನು ಒಂದುಗೂಡಿಸಬೇಕು. ಇಲಕಲ್ಲಿನ ಸೀರೆಯಲ್ಲಿಯೂ ಹಾಗೆಯೇ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿಹಾಕಿ ಸೇರಿಸುವ ಬೆರಳುಗಳು ಇಲ್ಲದಿದ್ದರೆ ಸೆರಗೇ ಇಲ್ಲ. ಆದರೆ ಕೆಲವು ಪ್ರೋಟೀನುಗಳ ಮೈಯ ಆಕಾರವೇ ಹೀಗಿದೆ: ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಹೊಂದುವದು, ಒಂದರ ಧನವಿದ್ಯುತ್ತು ಇನ್ನೊಂದರ ಋಣವಿದ್ಯುತ್ತಿಗೆ ಎದುರಾಗುವದು, ಎಣ್ಣೆಯಂತೆ ನೀರನ್ನು ಒಲ್ಲದ ಮೈಭಾಗಗಳು ನೀರಿಗೆ ಮರೆಯಾಗಲು ಪರಸ್ಪರ ಒತ್ತಿ ನಿಲ್ಲುವವು. ನೀರಿನ ಉಷ್ಣದ ಕುಲುಕಾಟದಲ್ಲಿ ಅವು ಸಾವಿರ ಸಲ ಡಿಕ್ಕಿಹೊಡೆಯುವವು. ತಪ್ಪಾಗಿ ಕೂಡಿದವು ಬಿಟ್ಟುಹೋಗುವವು. ಸರಿಯಾಗಿ ಕೂಡಿದವು ನಿಲ್ಲುವವು. ಇಲ್ಲಿ ನನಗೆ ಸೋಜಿಗವೆನಿಸಿದ ಸಂಗತಿಯೊಂದುಂಟು. ಒಂದೊಂದು ಬೆಸುಗೆಯೂ ದುರ್ಬಲವಾಗಿರುವದರಿಂದಲೇ ಒಟ್ಟು ಕಟ್ಟಡವು ನಿರ್ದುಷ್ಟವಾಗುವದು. ಮೊದಲನೆಯ ಬೆಸುಗೆಯೇ ಬಿಡಿಸಲಾರದಷ್ಟು ಗಟ್ಟಿಯಾಗಿದ್ದರೆ, ಮೊದಲ ತಪ್ಪೇ ಶಾಶ್ವತವಾಗುತ್ತಿತ್ತು.

ಇದು ಕಲ್ಪನೆಯಲ್ಲ. ೧೯೫೫ರಲ್ಲಿ ಅಮೇರಿಕದ ಫ್ರೆಂಕೆಲ್-ಕಾನ್ರಾಟ್ ಮತ್ತು ವಿಲಿಯಮ್ಸ್ ಎಂಬವರು ತಂಬಾಕಿನ ಗಿಡಕ್ಕೆ ರೋಗ ತರುವ ವೈರಸನ್ನು ಬಿಚ್ಚಿ, ಅದರ ಪ್ರೋಟೀನನ್ನೂ ಆರ್‌ಎನ್‌ಎಯನ್ನೂ ಬೇರೆ ಮಾಡಿ, ಮರಳಿ ಒಂದೇ ಪಾತ್ರೆಯಲ್ಲಿ ಬೆರೆಸಿದರು. ತುಂಡುಗಳು ತಾವೇ ಕೂಡಿಕೊಂಡು, ಮತ್ತೆ ರೋಗ ಹಬ್ಬಿಸಬಲ್ಲ ವೈರಸಾದವು. ಇದನ್ನೋದಿ ನಾನು ಪುಸ್ತಕವನ್ನು ಕೆಳಗಿಟ್ಟೆನು. ವಾತಾಪಿಯ ವಿದ್ಯೆಯೆಂದರೆ ಇದೇ ಅಲ್ಲವೆ?

ಇದರ ಮುಂದಿನ ಭಾಗವು ನಮ್ಮ ನಾಡಿನದೇ. ಎಲೆಬಳ್ಳಿಯ ತೋಟಗಳಲ್ಲಿ ಬಳ್ಳಿ ಹಬ್ಬಿಸಲು ನೆಡುವ ಚೊಗಚಿಯ ಗಿಡವನ್ನು ವಾಚಕರು ಬಲ್ಲರು. ದಕ್ಷಿಣದವರು ಅದಕ್ಕೆ ಅಗಸೆಯೆನ್ನುವರು. ನಮ್ಮ ಎಣ್ಣೆಯ ಅಗಸಿ ಬೇರೆ. ಸಂಸ್ಕೃತದಲ್ಲಿ ಅದರ ಹೆಸರು ಅಗಸ್ತ್ಯ. ಈ ಅಗಸ್ತ್ಯವೃಕ್ಷದ ಎಲೆಗಳಲ್ಲಿ ಹಸುರು ಬಿಳಿಚಿ ಚಿತ್ತಾರದಂತೆ ಕಲೆ ಬೀಳುವ ಒಂದು ರೋಗವನ್ನು ತಿರುಪತಿಯ ಸೀಮೆಯಲ್ಲಿ ಗುರುತಿಸಿ, ೧೯೮೨ರಲ್ಲಿ ಅದರ ವೈರಸನ್ನು ವರ್ಣಿಸಿದರು. ಅದಕ್ಕೆ ಸೆಸ್ಬೇನಿಯಾ ಮೊಸಾಯಿಕ್ ವೈರಸ್ ಎಂದು ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶ್ರೀ ಎಂ. ಆರ್. ಎನ್. ಮೂರ್ತಿ ಹಾಗೂ ಶ್ರೀಮತಿ ಎಚ್. ಎಸ್. ಸಾವಿತ್ರಿಯವರ ಬಳಗಗಳು ಬಹುವರ್ಷ ಇದರ ವ್ಯಾಸಂಗ ನಡೆಸಿದವು. ಕ್ಷ-ಕಿರಣಗಳಿಂದ ಕಂಡುಹಿಡಿದ ಇದರ ರಚನೆಯು ೧೯೯೫ರಲ್ಲಿ ಪ್ರಕಟವಾಯಿತು. ಅದರ ಕವಚವು ಒಂದೇ ಬಗೆಯ ೧೮೦ ಪ್ರೋಟೀನುಗಳಿಂದಾದ ಒಂದು ಗೋಳ. ಅಡ್ಡಳತೆ ಸುಮಾರು ೩೦ ನ್ಯಾನೋಮೀಟರು. ಒಂದು ಮಿಲಿಮೀಟರನ್ನು ಹತ್ತುಲಕ್ಷ ಭಾಗ ಮಾಡಿ ಅದರಲ್ಲಿ ಮೂವತ್ತು ಭಾಗ ತೆಗೆದುಕೊಂಡಂತೆ. ಆ ಒಂದು ಪ್ರೋಟೀನನ್ನು ಮಾಡುವ ವಿಧಿಯನ್ನು ಬೇರೊಂದು ಸಾಧುವಾದ ಸೂಕ್ಷ್ಮಜೀವಿಗೆ ಕೊಟ್ಟರೆ, ಗಿಡದ ಸಂಬಂಧವೇ ಇಲ್ಲದೆ ಅದರೊಳಗೆ ಕವಚಗಳು ತಾವಾಗಿ ಕೂಡುವವು. ವೈರಸಿನ ಬೀಜವು ಮಾತ್ರ ಅವುಗಳಲ್ಲಿರುವದಿಲ್ಲ, ಆದಕಾರಣ ಅವು ಸಂತಾನವನ್ನು ಬೆಳೆಸಲಾರವು. ಪ್ರೋಟೀನಿನ ಆರಂಭದ ೬೫ ಅಮೈನೋ ಆಮ್ಲಗಳನ್ನು ಕತ್ತರಿಸಿದರೆ ೧೮೦ರ ಬದಲು ೬೦ ಮಾತ್ರ ಕೂಡಿ ಚಿಕ್ಕ ಗೋಳವಾಗುವದೆಂದೂ ಅವರು ಕಂಡರು. ಒಂದು ಬಾಲವನ್ನು ತುಂಡರಿಸಿದ ಮಾತ್ರಕ್ಕೆ ಕಟ್ಟಡದ ನಕಾಶೆಯೇ ಬದಲಾಯಿತು!

೨೦೧೬ರಲ್ಲಿ ಇದೇ ಬಳಗದವರು ಸಂಗಡಿಗರೊಡನೆ ಪ್ರಕಟಿಸಿದ ಒಂದು ಪ್ರಯೋಗವೇ ಈ ಲೇಖನಕ್ಕೆ ಮುಖ್ಯ ಕಾರಣ. ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ಕಾವಲುಗಾರರಿದ್ದಾರಷ್ಟೆ. ಇವರಿಗೆ ಶತ್ರುವಿನ ಗುರುತು ಚೆನ್ನಾಗಿ ಗೊತ್ತು; ಆದರೆ ಜೀವಕೋಶದ ಗೋಡೆಯನ್ನು ದಾಟಿ ಒಳಗೆ ಹೋಗಲು ಬಾರದು. ಇನ್ನು ಕುರು ಬಾವುಗಳನ್ನು ತರುವ ಸ್ಟಾಫಿಲೋಕಾಕಸ್ ಎಂಬ ಸೂಕ್ಷ್ಮಜೀವಿಯಲ್ಲಿ ಒಂದು ಪ್ರೋಟೀನುಂಟು. ಅದು ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿದು, ಹೊಡೆಯಬಂದವನನ್ನೇ ನಿಷ್ಪ್ರಯೋಜಕನನ್ನಾಗಿ ಮಾಡುವದು. ಪಂಡಿತರು ಆ ಹಿಡಿಯುವ ತುಣುಕೊಂದನ್ನು ಚೊಗಚಿಯ ವೈರಸಿನ ಪ್ರೋಟೀನಿನೊಳಗೆ ಹೆಣೆದರು. ಹೆಣೆದ ಮೇಲೆಯೂ ಕವಚವು ತಾನೇ ಕೂಡಿತು, ಪ್ರತಿಕಾಯಗಳನ್ನು ಹಿಡಿದುಕೊಂಡಿತು, ಪಾತ್ರೆಯಲ್ಲಿ ಬೆಳೆಸಿದ ಪ್ರಾಣಿಕೋಶಗಳ ಒಳಗೆ ಅವುಗಳನ್ನು ಹೊತ್ತು ಹೋಯಿತು. ಹೀಗೆ ಹೋದ ಪ್ರತಿಕಾಯಗಳು ಮೂರು. ಒಂದು, ಕೆಲವು ಬಗೆಯ ಎದೆಯ ಅರ್ಬುದದಲ್ಲಿ ಕೊಡುವ ಔಷಧ. ಇನ್ನೊಂದು, ಕೋಶದೊಳಗಿನ ಟ್ಯೂಬುಲಿನ್ ಎಂಬ ಪ್ರೋಟೀನನ್ನು ಗುರುತಿಸುವದು. ಮತ್ತೊಂದು ಗುಲಗಂಜಿಯ ವಿಷಕ್ಕೆ ಎದುರಾದದ್ದು. ಹೌದು, ನಮ್ಮ ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಅದೇ ಗುಲಗಂಜಿ. ಅದರ ವಿಷದಲ್ಲಿ ಎರಡು ಭಾಗಗಳು: ಒಂದು ಕೊಲ್ಲತಕ್ಕದ್ದು, ಇನ್ನೊಂದು ಕೋಶದ ಬಾಗಿಲನ್ನು ತೆರೆಯಿಸತಕ್ಕದ್ದು. ಗಿಡದ ರೋಗಕಾರಿಯನ್ನೂ ಕುರುವಿನ ಕುಟಿಲತೆಯನ್ನೂ ಒಂದೇ ನೊಗಕ್ಕೆ ಹೂಡಿ ಗುಲಗಂಜಿಯ ವಿಷಕ್ಕೆ ಪ್ರತಿಯಾದದ್ದನ್ನು ಹೇರಿಕೊಂಡು ಹೋಗುವದೆಂದರೆ, ಅದು ಎಂಥ ಬಂಡಿಯಾಗಿರಬೇಕು! ಪ್ರತಿಕಾಯವೊಂದನ್ನೇ ಕೊಟ್ಟುದಕ್ಕಿಂತ ಈ ರೀತಿಯಿಂದ ಕೊಟ್ಟುದು ಹೆಚ್ಚು ಫಲಕಾರಿಯಾಯಿತು. ಇದು ಪಾತ್ರೆಯ ಕೋಶಗಳಲ್ಲಿ ಕಂಡ ಮಾತು. ರೋಗಿಯ ಮೈಯಲ್ಲಿ ಕಂಡದ್ದಲ್ಲವೆಂಬುದನ್ನು ಮರೆಯತಕ್ಕದ್ದಲ್ಲ. ನನ್ನ ತಂಗಿಗೆ ಕೊಟ್ಟದ್ದೂ ಹಳೆಯ ಔಷಧವೇ.

ಈಗ ಧರ್ಮದ ಮಾತಿಗೆ ಬರೋಣ. ವೇಷ ಮರೆಸಿಕೊಂಡು ಒಡಲನ್ನು ಹೊಗುವದು, ಒಳಗೆ ಹೋಗಿ ತನ್ನ ಕೆಲಸ ಮಾಡುವದು, ಇದು ದೈತ್ಯರ ವಿದ್ಯೆ. ಅದನ್ನು ವೈದ್ಯರು ಕೈಗೊಂಡ ಮಾತ್ರಕ್ಕೆ ಶುದ್ಧವಾಗುವದೆ? ಇಂಥ ಪ್ರಶ್ನೆಗೆ ಸಭೆಗಳಲ್ಲಿ ಸಿದ್ಧವಾದ ಉತ್ತರವೊಂದಿದೆ: ಕತ್ತಿಯು ಕೊಲೆಗಾರನ ಕೈಯಲ್ಲಿ ಕೆಟ್ಟದ್ದು, ಶಸ್ತ್ರವೈದ್ಯನ ಕೈಯಲ್ಲಿ ಒಳ್ಳೆಯದು, ದೋಷವು ಕತ್ತಿಯದಲ್ಲ, ಕೈಯದು. ನಾನೂ ಮೂವತ್ತೈದು ವರ್ಷ ಹುಡುಗರಿಗೆ ಇದನ್ನೇ ಬರೆಯಿಸಿದ್ದೇನೆ. ಆದರೆ ಈಗ ಇದು ಸಾಲದೆನಿಸುತ್ತದೆ. ಕತ್ತಿಯು ಕೆಲಸದ ಕೊನೆಯವರೆಗೂ ಕೈಯಲ್ಲಿಯೇ ಇರುವದು. ಕೈ ನಡುಗಿದರೆ ನಿಲ್ಲಿಸಬಹುದು, ಹಿಂದಕ್ಕೆಳೆಯಬಹುದು. ಇದಾದರೋ ರಕ್ತಕ್ಕೆ ಬಿಟ್ಟೊಡನೆ ಕೈಯನ್ನು ಬಿಟ್ಟುಹೋದ ವಸ್ತು. ಇಲ್ವಲನಿಗಾದರೂ ತಮ್ಮನನ್ನು ಮರಳಿ ಕರೆಯುವ ಬಾಯಿತ್ತು. ನಮ್ಮಲ್ಲಿರುವದು ಕಳುಹಿಸುವ ಸೂಜಿ ಮಾತ್ರ. ಕೈಯೇ ಇಲ್ಲದಲ್ಲಿ ದೋಷವು ಕೈಯದೆಂದು ಹೇಳಿದರೆ ಅರ್ಥವೇನು?

ಇಲ್ಲಿ ನನಗೆ ನೆರವಾದದ್ದು ವ್ಯಾಕರಣಶಾಸ್ತ್ರ. ಕ್ರಿಯೆಯಲ್ಲಿ ಯಾವನು ಸ್ವತಂತ್ರನೋ ಅವನೇ ಕರ್ತೃವೆಂಬುದು ಪಾಣಿನಿಯ ಅಭಿಪ್ರಾಯ. ಆದರೆ ನಾವು "ಅನ್ನ ಬೇಯುತ್ತದೆ", "ಕಟ್ಟಿಗೆ ತಾನೇ ಸೀಳುತ್ತದೆ" ಎಂದೂ ಹೇಳುವದುಂಟು. ಅನ್ನವನ್ನು ಬೇಯಿಸುವವರು ಯಾರೂ ಇಲ್ಲವೆ? ಒಲೆಯ ಮುಂದೆ ಕುಳಿತವಳು ಹೊಗೆಗೆ ಕಣ್ಣೊರಸಿಕೊಳ್ಳುತ್ತಿರುವಳು. ಕೆಲಸವು ಬಹಳ ಸುಲಭವಾಗಿ ಸಾಗುತ್ತಿದೆಯೆಂಬುದನ್ನು ತೋರಿಸಬೇಕಾದಾಗ, ಮಾಡುವವನ ಶ್ರಮವನ್ನು ಮಾತಿಗೆ ತಾರದೆ, ಕರ್ಮವನ್ನೇ ಕರ್ತೃವಿನ ಪೀಠದಲ್ಲಿ ಕುಳ್ಳಿರಿಸುವೆವು. ಇದಕ್ಕೆ ಕರ್ಮಕರ್ತರಿ ಪ್ರಯೋಗವೆಂದು ಹೆಸರು. ಹೀಗೆ ಹೇಳುವದು ಹೇಳುವವನ ವಿವಕ್ಷೆ. ವಸ್ತುಸ್ಥಿತಿಯು ಅದರಿಂದ ಬದಲಾಗುವದಿಲ್ಲ. "ಪ್ರೋಟೀನು ತಾನೇ ಕೂಡಿಕೊಳ್ಳುತ್ತದೆ" ಎಂಬುದು ಇದೇ ಜಾತಿಯ ವಾಕ್ಯ.

ನನ್ನ ಶಿಷ್ಯನು ಇದನ್ನು ಒಪ್ಪಲಿಲ್ಲ. "ಗುರುಗಳೇ, ಅನ್ನಕ್ಕೆ ಬೆಂಕಿ ಹಾಕುವವರು ಬೇಕು, ಇಲ್ಲಿ ಕೂಡಿಸುವವರು ನಿಜವಾಗಿಯೂ ಯಾರೂ ಇಲ್ಲ" ಎಂದನು. ಅವನ ಮಾತಿನಲ್ಲಿ ಸತ್ಯವಿದೆ. ಕೂಡುವಿಕೆಯೆಂಬ ಕ್ರಿಯೆಯಲ್ಲಿ ಆಕಾರದ ಸ್ವಭಾವವೇ ಸ್ವತಂತ್ರ. ಆದರೆ ಆ ಆಕಾರವನ್ನು ಆರಿಸಿದವರಾರು? ಚೊಗಚಿಯ ಎಲೆಯಲ್ಲಿರುವ ವೈರಸಿನ ಆಕಾರವನ್ನು ನಿಸರ್ಗವು ಆರಿಸಿತು. ಅದರ ಪಾಪಪುಣ್ಯಗಳನ್ನು ಯಾರಿಗೂ ಅಂಟಿಸಲು ಬರುವದಿಲ್ಲ. ಅದರಲ್ಲಿ ಒಂದು ತುಣುಕನ್ನು ಹೆಣೆದವರು ಮನುಷ್ಯರು. ಹೆಣೆದಷ್ಟರ ಹೊಣೆ ಅವರದಾಯಿತು. ಮೂರನೆಯ ಮೆಟ್ಟಿಲು ಇನ್ನೊಂದಿದೆ. ನಿಸರ್ಗದಲ್ಲಿ ಎಂದೂ ಇಲ್ಲದ ಪ್ರೋಟೀನುಗಳನ್ನು ಗಣಕಯಂತ್ರದಲ್ಲಿ ಮೊದಲು ರಚಿಸಿ, ಆಮೇಲೆ ಪಾತ್ರೆಯಲ್ಲಿ ಹುಟ್ಟಿಸುವ ವಿದ್ಯೆಯನ್ನು ಅಮೇರಿಕದ ಡೇವಿಡ್ ಬೇಕರ್ ಎಂಬವರು ಬೆಳೆಸಿದರು. ಅದಕ್ಕಾಗಿ ೨೦೨೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದ ಅರ್ಧಪಾಲು ಸಂದಿತು. ಅವರ ಸಂಸ್ಥೆಯಲ್ಲಿ ರಚಿತವಾದ, ತಾನೇ ಕೂಡುವ ಕಣದ ಮೇಲೆ ಮಾಡಿದ ಕೋವಿಡ್ ಲಸಿಕೆಯೊಂದಕ್ಕೆ ದಕ್ಷಿಣ ಕೊರಿಯಾ ದೇಶವು ೨೦೨೨ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಯ ಆಕಾರದಲ್ಲಿ ಮನುಷ್ಯನ ಸಂಕಲ್ಪದ ಪಾಲು ಇನ್ನೂ ಹೆಚ್ಚು. ನಿಸರ್ಗದ ಪಾಲು ಕಡಿಮೆಯಾದಷ್ಟೂ ಮನುಷ್ಯನ ಹೊಣೆ ಹೆಚ್ಚಬೇಕು. ಆದರೆ ಭಾಷೆಯಲ್ಲಿ ನಡೆಯುವದು ಇದಕ್ಕೆ ವಿಪರೀತ. ವಸ್ತುವು ಹೆಚ್ಚು ಹೆಚ್ಚು ಜಾಣವಾದಂತೆ "ತಾನೇ ಮಾಡಿತು" ಎಂಬ ಮಾತು ನಾಲಿಗೆಗೆ ಹೆಚ್ಚು ಸಲೀಸಾಗುವದು.

ನಮ್ಮ ಹೊಲಗಳ ಸುತ್ತಲಿನ ಬಳ್ಳಾರಿಜಾಲಿಯನ್ನು ನೋಡಿರಿ. ಬೀಜ ಚೆಲ್ಲಿದವನು ಚೆಲ್ಲಿ ಹೋದನು. ಗಿಡವು ತಾನೇ ಮೊಳೆಯಿತು, ತಾನೇ ಹಬ್ಬಿತು. "ನಾನು ಬೇಲಿಗೆಂದು ಹಾಕಿದೆ, ಅದು ತಾನೇ ನಿನ್ನ ಹೊಲಕ್ಕೆ ಬಂತು" ಎಂದರೆ ನೆರೆಯ ಒಕ್ಕಲಿಗನು ಸುಮ್ಮನಿರುವನೆ? ವಾತಾಪಿಯ ಕಥೆಯಲ್ಲಿಯೂ ವಾದಮಾಡುವವರಿಗೆ ಎಡೆಯಿದೆ. "ನಾನು ಕರೆದಾಗ ಬಂದವನು ಮಾತ್ರ" ಎಂದು ತಮ್ಮನೂ, "ನಾನು ಹೆಸರು ಹಿಡಿದು ಕರೆದವನು ಮಾತ್ರ; ಪಕ್ಕೆ ಸೀಳಿದವನು ಅವನು" ಎಂದು ಅಣ್ಣನೂ ಹೇಳಬಹುದು. ಹೀಗೆ ಇಬ್ಬರ ನಡುವೆ ಹಂಚಿಹೋದ ಕೊಲೆಯು ಯಾರದೂ ಅಲ್ಲದಾಗುವದು. ತನಗೆ ಒಬ್ಬನೇ ಕರ್ತೃವಿಲ್ಲದ ಕೆಲಸದಲ್ಲಿ ಪಾಪವು ಕರಗಿ ಹೋಗುವದೆಂದು ನಂಬುವದೇ ದೈತ್ಯಬುದ್ಧಿಯೆಂದು ನನಗೆ ತೋರುತ್ತದೆ. ವೇಷ ಮರೆಸಿ ಒಳಹೊಗುವದಲ್ಲ. ಜೀವಕೋಶವನ್ನು ವಂಚಿಸಿದೆವೆಂದು ಮರುಗುವ ಕಾರಣವಿಲ್ಲ. ಕಹಿಮದ್ದನ್ನು ಬೆಲ್ಲದಲ್ಲಿಟ್ಟು ಕೂಸಿಗೆ ಕೊಡುವ ತಾಯಿಯು ವಂಚಕಿಯಲ್ಲ. ಅವಳಿಗೂ ಇಲ್ವಲನಿಗೂ ಇರುವ ಅಂತರವೆಂದರೆ, ಕೂಸಿಗೆ ಏನಾದರೂ ಆದರೆ ಅವಳು ರಾತ್ರಿಯೆಲ್ಲ ಹಾಸಿಗೆಯ ಬಳಿ ಕುಳಿತಿರುವಳು.

ಇನ್ನು ಈ ವಿದ್ಯೆಯ ಪ್ರಶಂಸಕರು ಆಗಾಗ ಮರೆಯುವ ಒಂದು ಸಂಗತಿ. ನಮ್ಮ ಶರೀರವೇ ಒಬ್ಬ ಅಗಸ್ತ್ಯ. ಹೊರಗಿನಿಂದ ಬಂದ ಕಣಗಳನ್ನು ಯಕೃತ್ತೂ ಪ್ಲೀಹವೂ ಹಿಡಿದು ಜೀರ್ಣಿಸಿಬಿಡುವವು. ಮಿತ್ರನೋ ಶತ್ರುವೋ ಎಂದು ವಿಚಾರಿಸುವದಿಲ್ಲ. ಒಮ್ಮೆ ಕಂಡ ಪ್ರೋಟೀನನ್ನು ನೆನಪಿಟ್ಟು, ಎರಡನೆಯ ಸಲ ಬಂದಾಗ ಬಾಗಿಲಲ್ಲಿಯೇ ತಡೆಯುವದೂ ಉಂಟು. ನಾನಾ ಬಗೆಯ ನ್ಯಾನೋಕಣಗಳಿಂದ ಪ್ರಾಣಿಗಳಲ್ಲಿ ನಡೆದ ಹತ್ತು ವರ್ಷಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಪರಿಶೀಲನೆಯು ೨೦೧೬ರಲ್ಲಿ ಪ್ರಕಟವಾಯಿತು. ಕೊಟ್ಟ ಕಣಗಳಲ್ಲಿ ಅರ್ಬುದದ ಗಂಟನ್ನು ಮುಟ್ಟಿದ್ದು, ಪ್ರಯೋಗಗಳ ನಡುವಣ ಪ್ರಮಾಣದಲ್ಲಿ ಹೇಳುವದಾದರೆ, ನೂರಕ್ಕೆ ೦.೭. ಸಾವಿರ ಕಾಳು ಬಿತ್ತಿದರೆ ಏಳು ಕಾಳು ಹೊಲಕ್ಕೆ ಬಿದ್ದಂತೆ. ಮಿಕ್ಕವು ಎಲ್ಲಿ ಹೋದವು, ಹೋದಲ್ಲಿ ಏನು ಮಾಡಿದವು? ಈ ಲೆಕ್ಕವನ್ನು ಕೊಡತಕ್ಕವನು ಕಣವಲ್ಲ, ಕಳುಹಿಸಿದವನು.

ಪಂಡಿತರಲ್ಲಿಯೂ ಈ ವಿವೇಕವು ಇಲ್ಲದಿಲ್ಲ. ೨೦೨೪ರ ಮಾರ್ಚ್ ತಿಂಗಳಲ್ಲಿ ಪ್ರೋಟೀನುಗಳನ್ನು ರಚಿಸುವ ಬಹು ದೇಶಗಳ ವಿದ್ವಾಂಸರು ಕೂಡಿ ಒಂದು ಪ್ರತಿಜ್ಞೆಯನ್ನು ಪ್ರಕಟಿಸಿ ತಮ್ಮ ತಮ್ಮ ಹೆಸರುಗಳನ್ನು ಹಾಕಿದರು. ರಚನೆಗೆ ಬೇಕಾದ ಡಿಎನ್‌ಎಯನ್ನು, ಅಪಾಯಕರವಾದದ್ದು ಕೈತಪ್ಪಿ ಹೋಗದಂತೆ ಪರೀಕ್ಷಿಸಿ ಮಾರುವವರಿಂದಲೇ ಕೊಳ್ಳುವೆವೆಂಬುದು ಅದರಲ್ಲಿಯ ಒಂದು ಮಾತು. ಅದು ಕಾಯಿದೆಯಲ್ಲ, ಮುರಿದವನಿಗೆ ದಂಡವಿಲ್ಲ. ಆದರೂ ಹೆಸರು ಹಾಕಿದ್ದು ನನಗೆ ಹಿಡಿಸಿತು. ಕರ್ಮಕರ್ತರಿಯನ್ನು ಬಿಟ್ಟು ಕರ್ತರಿ ಪ್ರಯೋಗಕ್ಕೆ ಬಂದಂತಾಯಿತು.

ವ್ಯಾಕರಣದ ಈ ಕಚ್ಚಾಟವು ಮುದುಕನೊಬ್ಬನ ಚಟವೆಂದು ಕೆಲವು ವಾಚಕರು ಭಾವಿಸಬಹುದು. ನನಗೂ ಆ ಸಂಶಯವಿತ್ತು. ಅದನ್ನು ಪರಿಹರಿಸಿದವಳು ಕನ್ನಡ ನಾಲ್ಕನೆಯ ಇಯತ್ತೆಯವರೆಗೆ ಓದಿದ ನನ್ನ ತಂಗಿಯೇ. ಚಿಕಿತ್ಸೆ ಆರಂಭಿಸುವ ಮೊದಲು ಆಸ್ಪತ್ರೆಯಲ್ಲಿ ಒಂದು ಒಪ್ಪಿಗೆಯ ಕಾಗದವನ್ನು ಅವಳ ಮುಂದಿಟ್ಟರು. ನಾನು ಓದಿ ಹೇಳಿದೆನು: "ಔಷಧವು ಕೊಡಲ್ಪಡುವದು, ತೊಂದರೆಗಳು ಉಂಟಾಗಬಹುದು, ಉಂಟಾದಲ್ಲಿ ಯೋಗ್ಯ ಉಪಚಾರವು ಮಾಡಲ್ಪಡುವದು." ಎರಡು ಪುಟಗಳ ಆ ಕಾಗದದಲ್ಲಿ ಕರ್ತೃಪದವೇ ಇರಲಿಲ್ಲ, ಒಬ್ಬಳದು ಮಾತ್ರ ಹೆಸರಿತ್ತು, ಕೆಳಗೆ ಸಹಿ ಮಾಡತಕ್ಕವಳದು. ನಾನು ಗಮನಿಸಿರಲಿಲ್ಲ. ಅವಳು ಕೇಳಿದಳು: "ಕೊಡಲ್ಪಡುವದು ಅಂದರ ಯಾರು ಕೊಡತಾರ, ಅಣ್ಣಾ? ನಡುರಾತ್ರ್ಯಾಗ ಏನರ ಆದರ ನೀ ಯಾರನ್ನ ಕೇಳಾಂವ?"

ಅಲ್ಲಿಯ ಗುಮಾಸ್ತನು ಎಲ್ಲರೂ ಹೀಗೆಯೇ ಸಹಿ ಮಾಡುವರೆಂದು ಅವಸರಿಸಿದನು. ಅವಳು ಪೆನ್ನನ್ನು ಮುಟ್ಟಲಿಲ್ಲ. ಸಾಲಿನಲ್ಲಿ ನಿಂತವರು ಗೊಣಗತೊಡಗಿದರು, ನನಗೂ ನಾಚಿಕೆಯಾಯಿತು. ಅಷ್ಟರಲ್ಲಿ ಒಳಗಿನಿಂದ ಬಂದ ಒಬ್ಬ ತರುಣ ವೈದ್ಯನು ಸಂಗತಿಯನ್ನು ಕೇಳಿ, ಏನೂ ಮಾತಾಡದೆ ಆ ಕಾಗದದ ಅಂಚಿನಲ್ಲಿ ತನ್ನ ಹೆಸರನ್ನೂ ಫೋನಿನ ಸಂಖ್ಯೆಯನ್ನೂ ಕನ್ನಡದಲ್ಲಿ ಬರೆದನು. ಅವಳು ಅದನ್ನು ಒಂದೊಂದೇ ಅಕ್ಷರ ಕೂಡಿಸಿ ತಾನೇ ಓದಿಕೊಂಡು, ನನ್ನ ಕೈಯಿಂದ ಪೆನ್ನನ್ನು ತೆಗೆದುಕೊಂಡಳು.